ಆಡಿಯೋ ಡಿಸ್ಕ್ರಿಪ್ಷನ್ ಅಂದರೆ ಏನು? ಕಣ್ಣು ಕಾಣದವರಿಗೆ ಸಿನಿಮಾದ ಮಾತು ಕೇಳಿಸಿದರೆ ಸಾಲದೇ?

ಸಾಲದು. ಪರದೆ ಮೇಲೆ ಬರೀ ಕಣ್ಣಿಗೆ ಮಾತ್ರ ಸಿಗುವುದನ್ನು ದನಿಯಲ್ಲಿ ಹೇಳುವುದೇ ಆಡಿಯೋ ಡಿಸ್ಕ್ರಿಪ್ಷನ್. ಯಾರು ಬಂದರು, ಏನು ಮಾಡಿದರು, ಯಾವ ಅಕ್ಷರ ಮೂಡಿತು, ಇಂಥವು.

ಈ ವಿವರಣೆಯನ್ನು ಮಾತುಗಳ ನಡುವಿನ ಬಿಡುವಿನಲ್ಲಿ ಕೂರಿಸುತ್ತಾರೆ. ಒಂದು ದೃಶ್ಯ ನೆನೆಸಿಕೊಳ್ಳಿ. ಮಗ "ಹೋಗಿ ಬರ್ತೀನಮ್ಮ" ಅನ್ನುತ್ತಾನೆ. ಆಮೇಲೆ ಐದಾರು ಸೆಕೆಂಡ್ ಮಾತೇ ಇಲ್ಲ. ಕಾಣದವರಿಗೆ ಅಷ್ಟು ಹೊತ್ತೂ ಸಿನಿಮಾ ಖಾಲಿ, ಅಲ್ವಾ? ಅಲ್ಲಿ ಒಂದು ದನಿ ಹೇಳುತ್ತದೆ: "ಅಮ್ಮ ಸೆರಗಿನ ಗಂಟು ಬಿಚ್ಚಿ, ಮಡಚಿದ ನೋಟನ್ನು ಅವನ ಜೇಬಿಗೆ ತುರುಕುತ್ತಾಳೆ." "ಅಮ್ಮನಿಗೆ ಸಂಕಟವಾಯಿತು" ಅಂತ ಹೇಳಬಾರದು. ಅದನ್ನು ಕೇಳುವವರೇ ಅರ್ಥ ಮಾಡಿಕೊಳ್ಳುತ್ತಾರೆ, ನೋಡುವವರು ಮಾಡಿಕೊಂಡ ಹಾಗೆ. ಒಳ್ಳೆಯ ವಿವರಣೆಗೂ ಸುಮಾರಾದ ವಿವರಣೆಗೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿ ಇದರ ಹೆಸರೇ ಇದೆ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇದು ಸಿಗುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು.

ಬಿಡುವೇ ಇಲ್ಲದಿದ್ದರೆ? ಪಾಠದ ವಿಡಿಯೋಗಳಲ್ಲಿ ಈ ಕಷ್ಟ ಜಾಸ್ತಿ. ಮೇಷ್ಟ್ರು ಬೋರ್ಡಿನ ಕಡೆ ಬೆರಳು ಮಾಡಿ "ಇದರಲ್ಲಿ ಇದನ್ನು ಕಳೆಯಿರಿ" ಎನ್ನುತ್ತಲೇ ಇರುತ್ತಾರೆ. ಆಗ ವಿಡಿಯೋವನ್ನೇ ಸ್ವಲ್ಪ ನಿಲ್ಲಿಸಿ, ವಿವರಣೆ ಕೇಳಿಸಿ, ಮುಂದುವರಿಸುವ ವಿಧಾನ ಇದೆ. ಆದರೆ "ನಲವತ್ತರಲ್ಲಿ ಹದಿನೈದು ಕಳೆಯಿರಿ" ಅಂತ ಮೇಷ್ಟ್ರೇ ಬಾಯಿಬಿಟ್ಟು ಹೇಳಿದರೆ ಅದರ ಅಗತ್ಯವೇ ಬರುವುದಿಲ್ಲ. ವಿಡಿಯೋ ಮಾಡುವವರು ದಯವಿಟ್ಟು ಇಲ್ಲಿಂದಲೇ ಶುರು ಮಾಡಿ.