ಒಂದೇ ಚೀಲ, ಎರಡು ವರದಿ

ಪ್ರಶ್ನೆ: ಮೆಕ್ಕೆಜೋಳದ ಒಂದೇ ಚೀಲದಿಂದ ಎರಡು ಬೊಗಸೆ ಕಾಳು ತೆಗೆದು ಎರಡು ಪ್ರಯೋಗಾಲಯಗಳಿಗೆ ಕೊಟ್ಟೆ. ಒಂದು ವರದಿ ಬೂಷ್ಟಿನಿಂದ ಹುಟ್ಟುವ ವಿಷವಾದ ಅಫ್ಲಾಟಾಕ್ಸಿನ್ ಇಲ್ಲವೆನ್ನುತ್ತದೆ, ಇನ್ನೊಂದು ಮಿತಿಗಿಂತ ಎಷ್ಟೋ ಹೆಚ್ಚಿದೆ ಎನ್ನುತ್ತದೆ. ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಇಬ್ಬರೂ ನಿಜವನ್ನೇ ಹೇಳಿರಬಹುದು. ನನ್ನ ಅನುಮಾನ ನಿಮ್ಮ ಬೊಗಸೆಯ ಮೇಲೆ. ಬೇಸರ ಮಾಡಿಕೊಳ್ಳಬೇಡಿ, ಧಾನ್ಯದ ಮಾದರಿ ತೆಗೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹೀಗೆಯೇ ಚೀಲದ ಬಾಯಿ ಬಿಚ್ಚಿ, ಮೇಲಿದ್ದ ಕಾಳನ್ನು ಬಾಚಿಕೊಂಡು ಹೋಗಿದ್ದೆ. ವರದಿ ಚೊಕ್ಕವಾಗಿಯೇ ಬಂತು. ಮರುದಿನ ನಮ್ಮ ಹಿರಿಯರು ಅದೇ ಚೀಲಕ್ಕೆ ಕಬ್ಬಿಣದ ಕೊಳವೆಯನ್ನು ತಳದವರೆಗೆ ಚುಚ್ಚಿ ಎಳೆದರೆ, ಹಳದಿ ಹಸಿರು ಬೂಷ್ಟು ಮೆತ್ತಿಕೊಂಡ ಕಾಳುಗಳು ಉದುರಿದವು. “ನೀನು ಪರೀಕ್ಷಿಸಿದ್ದು ಚೀಲವನ್ನಲ್ಲ, ನಿನ್ನ ಬೊಗಸೆಯನ್ನು” ಎಂದರು. ಮೂವತ್ತು ವರ್ಷ ಕಳೆದರೂ ಆ ಮಾತು ಕಿವಿಯಲ್ಲಿದೆ.

ಈ ವಿಷ ನೀರಿನಲ್ಲಿ ಉಪ್ಪು ಕರಗಿದಂತೆ ಚೀಲದ ತುಂಬ ಸಮನಾಗಿ ಹರಡುವುದಿಲ್ಲ. ಇದನ್ನು ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಅಂದರೆ ಬೂಷ್ಟು, ಹುಳು ಕೊರೆದ ಕಾಳು, ಬರದಲ್ಲಿ ಸೊರಗಿದ ಕಾಳು, ನೆಲದ ತೇವ ತಾಗಿದ ಮೂಲೆಯ ಕಾಳು ಇವುಗಳಲ್ಲಿ ಸುಲಭವಾಗಿ ಮನೆ ಮಾಡುತ್ತದೆ. ಪಕ್ಕದ ಕಾಳು ಏನೂ ಆಗದೆ ಉಳಿದಿರಬಹುದು. ಕೆಟ್ಟ ಮೆಕ್ಕೆಜೋಳದ ಒಂದೇ ಕಾಳಿನಲ್ಲಿ, ಕಿಲೋ ಲೆಕ್ಕಕ್ಕೆ ತಂದರೆ, 4 ಲಕ್ಷ ಮೈಕ್ರೋಗ್ರಾಂ ವಿಷ ಕಂಡುಬಂದದ್ದುಂಟು. ಲೆಕ್ಕ ಹಾಕಿ ನೋಡಿ. ಕಾಳಿನ ತೂಕ 0.3 ಗ್ರಾಂ ಎಂದಿಟ್ಟುಕೊಂಡರೆ ಅದರೊಳಗೆ 120 ಮೈಕ್ರೋಗ್ರಾಂ ಇರುತ್ತದೆ. 5 ಕಿಲೋ ಶುದ್ಧ ಮೆಕ್ಕೆಜೋಳಕ್ಕೆ ಆ ಒಂದು ಕಾಳು ಬಿದ್ದರೆ ಕಿಲೋಗೆ 24 ಮೈಕ್ರೋಗ್ರಾಂ ಆಯಿತು. ಆಹಾರಕ್ಕೆ ಅಮೆರಿಕ ಹಾಕಿರುವ ಮಿತಿ 20! ಆ ಕಾಳು ನಿಮ್ಮ ಯಾವ ಬೊಗಸೆಗೆ ಬಂತು ಎಂಬುದರ ಮೇಲೆ ವರದಿ ಬದಲಾಯಿತು, ಅಷ್ಟೇ.

ಮುಂದಿನ ಸಲ ಚೀಲದ ಮೇಲೆ, ನಡುವೆ, ತಳದಲ್ಲಿ ಹಲವು ಕಡೆ ಚುಚ್ಚಿ ಕನಿಷ್ಠ 5 ಕಿಲೋ ಕೂಡಿಸಿ. ಅಷ್ಟನ್ನೂ ನುಣ್ಣಗೆ ಬೀಸಿ, ಚೆನ್ನಾಗಿ ಬೆರೆಸಿ, ಆಮೇಲೆ ಆ ಹಿಟ್ಟಿನಿಂದ ಪರೀಕ್ಷೆಗೆ ಬೇಕಾದಷ್ಟನ್ನು ಕೊಡಿ. ಬೀಸದೆ ಕಾಳನ್ನೇ ಕೊಟ್ಟರೆ ಮತ್ತೆ ಅದೃಷ್ಟದ ಆಟ. ಈಗ ಕೈಯಲ್ಲಿರುವ ಎರಡು ವರದಿಗಳಲ್ಲಿ ಕೆಟ್ಟದ್ದನ್ನೇ ನಂಬಿ. ವಿಷ ಕೆಲವೇ ಕಾಳುಗಳಲ್ಲಿ ಗುಂಪುಗೂಡುವುದರಿಂದ ಒಂದು ಲಾಭವೂ ಇದೆ: ಒಡೆದ, ಬಣ್ಣಗೆಟ್ಟ, ಜೊಳ್ಳಾದ ಕಾಳುಗಳನ್ನು ಆರಿಸಿ ತೆಗೆದರೆ ಅದರ ದೊಡ್ಡ ಪಾಲು ಹೊರಗೆ ಹೋಗುತ್ತದೆ. ಪೂರ್ತಿ ಹೋಗುತ್ತದೆ ಎನ್ನಲಾರೆ, ಏಕೆಂದರೆ ನೋಟಕ್ಕೆ ಚೆಂದವಿರುವ ಕಾಳಿನಲ್ಲೂ ವಿಷ ಇರಬಲ್ಲದು.

ಪ್ರಶ್ನೆ: ಮುಗ್ಗಲು ವಾಸನೆಯ ಕಾಳನ್ನು ತೊಳೆದು, ಬಿಸಿಲಿಗೆ ಹಾಕಿ, ಹುರಿದರೆ ಸಾಲದೇ?

ಉತ್ತರ: ಸಾಲದು. ಹುರಿದರೆ ಬೂಷ್ಟು ಸಾಯುತ್ತದೆ, ವಾಸನೆಯೂ ಅಡಗುತ್ತದೆ, ಆದರೆ ಅದು ಮಾಡಿಟ್ಟ ವಿಷದಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ. ಕುದಿಯುವ ನೀರಿಗಂತೂ ಅದು ಜಗ್ಗುವುದಿಲ್ಲ. ನಿಮ್ಮನ್ನು ಎಚ್ಚರಿಸಿದ್ದ ವಾಸನೆಯನ್ನೇ ನೀವು ಓಡಿಸಿದಂತಾಯಿತು. ಒಣಗಿಸುವುದೇನಿದ್ದರೂ ಕೊಯ್ಲಾದ ಕೂಡಲೇ. ತೇವದ ಅಳತೆಗೆ ಯಂತ್ರವಿಲ್ಲದಿದ್ದರೆ, ಒಣ ಗಾಜಿನ ಬಾಟಲಿಗೆ ಕಾಳು ಹಾಕಿ, ಜೊತೆಗೆ ಚೆನ್ನಾಗಿ ಒಣಗಿದ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಕೆಲವು ನಿಮಿಷ ಅಲ್ಲಾಡಿಸಿ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಚೀಲಕ್ಕೆ ತುಂಬಬೇಡಿ. ದೀರ್ಘಕಾಲ ಇಡುವ ಮೆಕ್ಕೆಜೋಳವನ್ನು ಶೇ. 13ರ ಆಸುಪಾಸಿಗೆ ಇಳಿಯುವವರೆಗೂ ಒಣಗಿಸಬೇಕು.

ಪ್ರಶ್ನೆ: ಮನುಷ್ಯರಿಗೆ ಬೇಡವೆಂದು ಬದಿಗಿಟ್ಟ ಕಾಳನ್ನು ಹಸುವಿಗೋ ಕೋಳಿಗೋ ಹಾಕಬಹುದೇ?

ಉತ್ತರ: ಈ ವಿಷದ ಕಥೆ ಶುರುವಾದದ್ದೇ ಹಾಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ವಿಷ ಸಿಕ್ಕಿತು. ಆಸ್ಪರ್ಜಿಲಸ್‌ನ ‘ಅ’, ಫ್ಲೇವಸ್‌ನ ‘ಫ್ಲಾ’ ಸೇರಿಸಿ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು.

ಹಸು ಕೋಳಿಯಷ್ಟು ಬೇಗ ಸಾಯುವುದಿಲ್ಲ, ಮೋಸ ಇರುವುದು ಅಲ್ಲಿಯೇ. ತಿಂದ ವಿಷದ ಒಂದು ಚಿಕ್ಕ ಪಾಲನ್ನು ಅದರ ಯಕೃತ್ತು ಎಂ1 ಎಂಬ ರೂಪಕ್ಕೆ ತಿರುಗಿಸಿ ಒಂದು ದಿನದೊಳಗೆ ಹಾಲಿಗೆ ಬಿಡುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ. ಹಾಲು ಹೆಚ್ಚಾಗಿ ಕುಡಿಯುವವರು ಮಕ್ಕಳು ಎಂಬುದನ್ನು ನೆನೆದರೆ ಆ ಚೀಲವನ್ನು ಕೊಟ್ಟಿಗೆಯ ಹತ್ತಿರ ತರಲೂ ನಿಮಗೆ ಮನಸ್ಸಾಗದು. ಈಗಾಗಲೇ ಹಾಕಿದ್ದರೆ ಇಂದೇ ನಿಲ್ಲಿಸಿ. ಶುದ್ಧ ಮೇವಿಗೆ ಬದಲಾದ ಮೂರ್ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಎಂ1 ತೀರಾ ಇಳಿದುಹೋಗುತ್ತದೆ. ಅಲ್ಲಿಯವರೆಗಿನ ಹಾಲನ್ನು ಯಾರಿಗೂ ಕೊಡಬೇಡಿ. ಕಾಳನ್ನು ಆಳವಾಗಿ ಹೂತುಬಿಡಿ. ಸುರಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ನಾನು ವರ್ಷಗಟ್ಟಲೆ ಮಾಡಿದಂತೆ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಬೇಡಿ.