ವೇಷದ ಪೊಲೀಸರು: ಟೀವಿಯಲ್ಲಿ ಕಂಡದ್ದು, ಕಡತದಲ್ಲಿ ಇರುವುದು

ಅಮೆರಿಕದ ‘ಗ್ರೇಸ್‌ಲ್ಯಾಂಡ್’ ಧಾರಾವಾಹಿ ಮತ್ತು ಗುಪ್ತ ಅಧಿಕಾರಿಗಳ ಕೆಲಸದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ಗ್ರೇಸ್‌ಲ್ಯಾಂಡ್’ ಮೊದಲ ಸೀಸನ್ ನೋಡಿ ಮುಗಿಸಿದೆ. ಬೇರೆ ಬೇರೆ ಇಲಾಖೆಯ ಗುಪ್ತ ಅಧಿಕಾರಿಗಳನ್ನು ನಿಜವಾಗಿಯೂ ಹೀಗೆ ಒಂದೇ ಮನೆಯಲ್ಲಿ ಇಡುತ್ತಾರೆಯೇ? ಮುಂದಿನ ಸೀಸನ್‌ಗಳನ್ನು ನೋಡಬಹುದೇ? — ಓದುಗರೊಬ್ಬರು, ಮಂಗಳೂರು

ಉತ್ತರ: ನೋಡದವರಿಗಾಗಿ ಎರಡು ಮಾತು. ಜೆಫ್ ಈಸ್ಟಿನ್ ರೂಪಿಸಿದ ಈ ಧಾರಾವಾಹಿ ಯುಎಸ್ಎ ನೆಟ್‌ವರ್ಕ್‌ನಲ್ಲಿ 2013ರಿಂದ 2015ರವರೆಗೆ ಬಂತು. ಮೂರು ಸೀಸನ್, ಒಟ್ಟು 38 ಕಂತು. ಮಾದಕ ವಸ್ತುವಿನ ದಂಧೆಯವನಿಂದ ಸರ್ಕಾರ ಜಪ್ತಿ ಮಾಡಿದ ಕಡಲದಂಡೆಯ ಬಂಗಲೆಯಲ್ಲಿ ಎಫ್‌ಬಿಐ, ಡಿಇಎ (ಮಾದಕ ವಸ್ತು ತಡೆ ಸಂಸ್ಥೆ) ಮತ್ತು ಕಸ್ಟಮ್ಸ್‌ನವರು ಒಟ್ಟಿಗೆ ವಾಸ. ತರಬೇತಿ ಮುಗಿಸಿ ಬಂದ ಮೈಕ್ ವಾರೆನ್‌ಗೆ (ಏರನ್ ಟ್ವೇಟ್) ಕೊಡುವ ಗುಟ್ಟಿನ ಕೆಲಸವೆಂದರೆ, ತನಗೆ ಕಸುಬು ಕಲಿಸುವ ಹಿರಿಯ ಪಾಲ್ ಬ್ರಿಗ್ಸ್‌ನ (ಡೇನಿಯಲ್ ಸಂಜಾಟಾ) ಮೇಲೆಯೇ ಕಣ್ಣಿಡುವುದು.

ನಿಜವಾಗಿ ಇದ್ದ ಮನೆಯೊಂದರಿಂದಲೇ ಕಥೆ ಹುಟ್ಟಿತು ಎಂದು ತಯಾರಕರು ಹೇಳಿಕೊಂಡಿದ್ದಾರೆ. ಆದರೆ ಕಸುಬಿನ ಲೆಕ್ಕದಲ್ಲಿ ಇದು ಅಪಾಯದ ಏರ್ಪಾಡು. ಒಬ್ಬನನ್ನು ಯಾರಾದರೂ ಮನೆತನಕ ಹಿಂಬಾಲಿಸಿ ಬಂದರೆ ಉಳಿದವರ ವೇಷವೂ ಅಲ್ಲಿಗೇ ಕಳಚಿತು. ವೇಷದವನಿಗೆ ಬೇಕಾದದ್ದು ಅವನ ಸುಳ್ಳು ಹೆಸರಿನಲ್ಲೇ ಬಾಡಿಗೆ ಕರಾರು ಇರುವ, ಸಹೋದ್ಯೋಗಿಗಳು ಕಾಲಿಡದ ಒಂದು ಮನೆ. ಚಿತ್ರೀಕರಣದಲ್ಲೂ ಒಂದು ವೇಷವಿದೆ ನೋಡಿ: ಕಥೆ ನಡೆಯುವುದು ಕ್ಯಾಲಿಫೋರ್ನಿಯಾದಲ್ಲಿ, ಕಾಣುವ ಕಡಲು ಬಹುಮಟ್ಟಿಗೆ ಫ್ಲೋರಿಡಾದ್ದು.

ಎರಡನೇ ಸೀಸನ್‌ನಲ್ಲಿ ಎಳೆಗಳು ಹೆಚ್ಚಾಗಿ ಗಂಟು ಬೀಳುತ್ತವೆ. ಮೂರನೆಯದು ಅರ್ಧಕ್ಕೇ ನಿಂತ ಹಾಗಿದೆ. ಮೊದಲನೆಯದರ ಬಿಗಿ ಮತ್ತೆ ಸಿಗುವುದಿಲ್ಲ. ಆದರೂ ಬ್ರಿಗ್ಸ್‌ನ ಪಾತ್ರಕ್ಕಾಗಿ ಎರಡನೆಯದನ್ನು ನೋಡಿ.

ಪ್ರಶ್ನೆ: ‘ನೀನು ಪೊಲೀಸಾ?’ ಎಂದು ನೇರವಾಗಿ ಕೇಳಿದರೆ ಅಮೆರಿಕದಲ್ಲಿ ಅಧಿಕಾರಿ ನಿಜ ಹೇಳಲೇಬೇಕು, ಇಲ್ಲದಿದ್ದರೆ ಕೇಸು ಬಿದ್ದುಹೋಗುತ್ತದೆ ಎನ್ನುತ್ತಾರೆ. ಹೌದೇ? — ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಸುಳ್ಳು ಹೇಳುವುದೇ ಆ ಕೆಲಸ. ನಿಜ ಹೇಳಲೇಬೇಕೆಂಬ ಕಾನೂನಿದ್ದರೆ ಮೊದಲ ದಿನವೇ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಕೇಸು ಬೀಳುವ ಜಾಗ ಬೇರೆ. ಅಪರಾಧ ಮಾಡುವ ಮನಸ್ಸೇ ಇಲ್ಲದವನನ್ನು ಸರ್ಕಾರವೇ ಪುಸಲಾಯಿಸಿ ಮಾಡಿಸಿದರೆ ಅವನು ಬಿಡುಗಡೆಗೆ ಅರ್ಹ. 1992ರ ಜೇಕಬ್ಸನ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ನೆಬ್ರಾಸ್ಕಾದ ರೈತನೊಬ್ಬನಿಗೆ ಸರ್ಕಾರಿ ಸಂಸ್ಥೆಗಳು ಇಲ್ಲದ ಸಂಘಗಳ ಹೆಸರಿನಲ್ಲಿ 26 ತಿಂಗಳು ಪತ್ರ ಬರೆದವು. ಕೊನೆಗೆ ಅವನು ನಿಷಿದ್ಧ ಪತ್ರಿಕೆಯೊಂದನ್ನು ತರಿಸಿಕೊಂಡಾಗ ಹಿಡಿದವು. ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಶಿಕ್ಷೆ ರದ್ದು ಮಾಡಿತು. ಸರ್ಕಾರ ಸಂಪರ್ಕಿಸುವ ಮೊದಲೇ ಅವನಲ್ಲಿ ಆ ಅಪರಾಧದ ಒಲವಿತ್ತು ಎಂಬುದು ಸಾಬೀತಾಗಲಿಲ್ಲ. ಅದಕ್ಕೇ ಪಳಗಿದ ಅಧಿಕಾರಿ ದರ, ತೂಕ, ಜಾಗದ ಮಾತನ್ನು ಎದುರಿನವನ ಬಾಯಿಂದಲೇ ಹೊರಡಿಸುತ್ತಾನೆ.

ಇನ್ನೊಂದು ಗೆರೆಯೂ ಇದೆ. ಕೈದಿಯ ವೇಷದಲ್ಲಿ ಸೆಲ್‌ನೊಳಗೆ ಕೂತ ಅಧಿಕಾರಿ, ‘ಮೌನವಾಗಿರುವ ಹಕ್ಕು ನಿನಗಿದೆ’ ಎಂಬ ಎಚ್ಚರಿಕೆ ಕೊಡದೆಯೂ ಮಾತು ತೆಗೆಯಬಹುದು; 1990ರ ಪರ್ಕಿನ್ಸ್ ತೀರ್ಪು ಹಾಗೆನ್ನುತ್ತದೆ. ಆದರೆ ಒಂದು ಅಪರಾಧದ ಬಗ್ಗೆ ಆರೋಪಪಟ್ಟಿ ಆದ ಮೇಲೆ ಅದೇ ಅಪರಾಧದ ವಿಚಾರವನ್ನು ವಕೀಲನಿಲ್ಲದೆ ಉಪಾಯದಿಂದ ಹೊರಡಿಸುವಂತಿಲ್ಲ; ಅದು 1964ರ ಮಸಾಯಾ ತೀರ್ಪು.

ಪ್ರಶ್ನೆ: ಕಿರುಚಿತ್ರಕ್ಕೆ ಚಿತ್ರಕಥೆ ಬರೆಯುತ್ತಿದ್ದೇನೆ. ಅಮೆರಿಕದ ಗುಪ್ತ ಅಧಿಕಾರಿ ಮಾದಕ ವಸ್ತು ಕೊಳ್ಳುವ ದೃಶ್ಯ ನಂಬುವ ಹಾಗಿರಬೇಕು. ಕ್ರಮ ಹೇಗೆ? ಎಲ್ಲಿ ಎಡವುತ್ತಾರೆ? — ಓದುಗರು, ಬೆಂಗಳೂರು

ಉತ್ತರ: ಬಂದೂಕು ಪಕ್ಕಕ್ಕಿಡಿ, ಜೆರಾಕ್ಸ್ ಯಂತ್ರದಿಂದ ಶುರು ಮಾಡಿ. ಕೊಡಲಿರುವ ನೋಟುಗಳ ಕ್ರಮಸಂಖ್ಯೆ ಮೊದಲೇ ದಾಖಲಾಗಬೇಕು. ನಂತರ ಅದೇ ನೋಟು ಆರೋಪಿಯ ಜೇಬಿನಲ್ಲಿ ಸಿಕ್ಕರೆ ಅದೇ ಸಾಕ್ಷಿ. ಜೊತೆಗೆ ಮಾಹಿತಿದಾರ ಹೋಗುವುದಾದರೆ ಹೋಗುವ ಮುಂಚೆಯೂ ಬಂದ ಮೇಲೆಯೂ ಅವನನ್ನು ತಡಕಿ ನೋಡುತ್ತಾರೆ. ಮಾಲು ಅವನೇ ತಂದದ್ದು ಎಂಬ ವಾದಕ್ಕೆ ಎಡೆ ಇರಬಾರದು. ರೆಕಾರ್ಡರ್ ಚಾಲೂ ಮಾಡಿ, ಅಧಿಕಾರಿ ಮೊದಲು ತನ್ನ ದನಿಯಲ್ಲೇ ದಿನಾಂಕ, ಸಮಯ, ಜಾಗ ಹೇಳುತ್ತಾನೆ. ದೂರದಲ್ಲಿ ಕಾವಲು ತಂಡ, ಅವರಿಗೆ ಮೊದಲೇ ಗೊತ್ತುಮಾಡಿದ ಎರಡು ಸಂಜ್ಞೆ: ವ್ಯವಹಾರ ಮುಗಿಯಿತು ಎಂಬುದಕ್ಕೊಂದು, ಜೀವಕ್ಕೆ ಅಪಾಯ ಎಂಬುದಕ್ಕೊಂದು. ಸಂಜ್ಞೆ ಮಾತಿನಲ್ಲೂ ಇರಬೇಕು, ಮೈಯಲ್ಲೂ ಇರಬೇಕು. ಟೋಪಿ ತೆಗೆಯುವುದನ್ನಷ್ಟೇ ನಂಬಿಕೊಂಡಿದ್ದು, ಎದುರಿಗೆ ಲಾರಿ ಬಂದು ನಿಂತರೆ ಯಾರಿಗೂ ಕಾಣದು.

ಮಾತುಕತೆಯನ್ನು ಬರೆಯುವಾಗ ತೂಕ ಮರೆಯಬೇಡಿ. ಫೆಡರಲ್ ಕಾನೂನಿನಲ್ಲಿ 500 ಗ್ರಾಂ ಕೊಕೇನ್ ಅಥವಾ 100 ಗ್ರಾಂ ಹೆರಾಯಿನ್ ಮಾರಾಟಕ್ಕೆ ಕನಿಷ್ಠ 5 ವರ್ಷ ಸಜೆ. 5 ಕಿಲೋ ಕೊಕೇನ್, 1 ಕಿಲೋ ಹೆರಾಯಿನ್‌ಗೆ ಕನಿಷ್ಠ 10 ವರ್ಷ. ‘ಆ ಸಾಮಾನು ತಂದೆಯಾ?’ ಎಂಬ ಒಗಟಿನ ಮಾತು ಸಿನಿಮಾಕ್ಕೆ ಚೆಂದ, ನ್ಯಾಯಾಲಯದಲ್ಲಿ ದುರ್ಬಲ. ‘ಅರ್ಧ ಕಿಲೋ ಅಂದಿದ್ದೆ, ಇದು ಕಮ್ಮಿ ಇದ್ದ ಹಾಗಿದೆ’ ಎಂದು ಅಧಿಕಾರಿ ಗೊಣಗಿದರೆ, ಮಾರುವವನು ಸಿಟ್ಟಿನಲ್ಲಿ ತಾನೇ ತೂಕ ಹೇಳಿಬಿಡುತ್ತಾನೆ. ದೃಶ್ಯದ ಜೀವ ಇರುವುದು ಅಲ್ಲಿ.

ಬೆರಳಿಗೆ ಹಚ್ಚಿ ನಾಲಿಗೆಯಲ್ಲಿ ರುಚಿ ನೋಡುವುದನ್ನು ದಯವಿಟ್ಟು ಬರೆಯಬೇಡಿ. ಪುಡಿಯಲ್ಲಿ ಫೆಂಟನಿಲ್ (ಅಲ್ಪ ಪ್ರಮಾಣದಲ್ಲೇ ಕೊಲ್ಲಬಲ್ಲ ಮಾದಕ) ಬೆರೆತಿದ್ದರೆ ಆ ರುಚಿಯೇ ಕೊನೆಯದಾದೀತು. ಬಳಸುವುದು ಸಣ್ಣ ಪರೀಕ್ಷಾ ಕಿಟ್: ಮಾರ್ಕ್ವಿಸ್ ದ್ರಾವಣದಲ್ಲಿ ಹೆರಾಯಿನ್ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೋಬಾಲ್ಟ್ ಥಯೋಸಯನೇಟ್‌ನಲ್ಲಿ ಕೊಕೇನ್ ನೀಲಿ. ಇದೂ ಪ್ರಾಥಮಿಕ ಸೂಚನೆ ಮಾತ್ರ. ಬೇರೆ ಪದಾರ್ಥವೂ ಅದೇ ಬಣ್ಣ ಕೊಡಬಹುದು. ಆಮೇಲೆ ತೂಕ, ಮುಚ್ಚಿದ ಲಕೋಟೆ, ಸಹಿ, ಪ್ರಯೋಗಾಲಯ, ವರದಿ. ಕೈಯಿಂದ ಕೈಗೆ ಹೋದ ಪ್ರತಿ ಹೆಜ್ಜೆಯೂ ಬರಹದಲ್ಲಿರಬೇಕು.

ಎಡವುವುದು ಹೆಚ್ಚಾಗಿ ಸಣ್ಣ ಸಂಗತಿಗಳಲ್ಲಿ. ಬಟ್ಟೆ ಉಜ್ಜಿ, ಬಾರ್‌ನ ಹಾಡು ಸೇರಿ ಧ್ವನಿ ಕಲಸುಮೇಲೋಗರ. ಮಾರುವವನು ಕೊನೇ ಗಳಿಗೆಯಲ್ಲಿ ಜಾಗ ಬದಲಿಸಿ, ಕಾವಲು ತಂಡ ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯ ‘ತೋರಿಸುವ ಹಣ’ದ್ದು. ದೊಡ್ಡ ವ್ಯವಹಾರದಲ್ಲಿ ಹಣವಿದೆ ಎಂದು ಮೊದಲೇ ಕಂತೆ ತೋರಿಸಬೇಕಾಗುತ್ತದೆ. ನಿಯಮವೆಂದರೆ ಹಣ ಮತ್ತು ಮಾಲು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿರಬಾರದು. ಎದುರಿನವನ ಬಳಿ ಮಾಲೇ ಇಲ್ಲದೆ, ಕಂತೆ ದೋಚಲೆಂದೇ ಬಂದಿರುವ ಸಾಧ್ಯತೆ ಯಾವಾಗಲೂ ಇರುತ್ತದೆ.

ನಿಮ್ಮ ನಾಯಕನ ಸುಳ್ಳು ಹೆಸರಿನ ಬಗ್ಗೆಯೂ ಒಂದು ಸಲಹೆ: ಮೊದಲ ಹೆಸರು ನಿಜದ್ದೇ ಇರಲಿ, ಉಪನಾಮ ಮಾತ್ರ ಬದಲಿಸಿ. ಬೀದಿಯಲ್ಲಿ ಹಳೆಯ ಗೆಳೆಯ ಕೂಗಿದರೂ ಗುಟ್ಟು ರಟ್ಟಾಗದು. ಕೊಲಂಬಿಯಾದ ಮಾದಕ ಹಣ ಮತ್ತು ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಎಂಬ ಬ್ಯಾಂಕಿನ ಬೆನ್ನು ಹತ್ತಿದ ಕಸ್ಟಮ್ಸ್ ಅಧಿಕಾರಿ ರಾಬರ್ಟ್ ಮೇಜರ್, ‘ರಾಬರ್ಟ್ ಮುಸೆಲ್ಲಾ’ ಆದದ್ದು ಹೀಗೆ. ಆ ಕಾರ್ಯಾಚರಣೆ ಮುಗಿದ ಬಗೆ ಯಾವ ಚಿತ್ರಕಥೆಗೂ ಕಡಿಮೆಯಲ್ಲ: 1988ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದ ಟ್ಯಾಂಪಾ ಬಳಿ ತನ್ನ ಮದುವೆಯೆಂದು ಸುಳ್ಳು ಆಹ್ವಾನ ಕಳುಹಿಸಿ, ಬಂದ ಅತಿಥಿಗಳನ್ನು ಹಿಂದಿನ ರಾತ್ರಿಯೇ ಬಂಧಿಸಿದರು. ವಧುವಿನ ಪಾತ್ರದಲ್ಲಿದ್ದವಳೂ ಅಧಿಕಾರಿಯೇ.

ಪ್ರಶ್ನೆ: ವೇಷದಲ್ಲಿರುವಾಗ ಕಳ್ಳತನ, ಹೊಡೆದಾಟ ಎಲ್ಲಕ್ಕೂ ಅವರಿಗೆ ಮಾಫಿಯೇ? — ಓದುಗರು, ತುಮಕೂರು

ಉತ್ತರ: ಇಲ್ಲ. ಎಫ್‌ಬಿಐನ ಗುಪ್ತ ಕಾರ್ಯಾಚರಣೆಗೆ 1981ರಿಂದ ಅಟಾರ್ನಿ ಜನರಲ್ ಹೊರಡಿಸಿದ ಲಿಖಿತ ಮಾರ್ಗಸೂಚಿ ಇದೆ. ಕಾನೂನುಬಾಹಿರ ಕೆಲಸವೊಂದರಲ್ಲಿ ಭಾಗಿಯಾಗಬೇಕಾದರೆ ಮೊದಲೇ ಮೇಲಿನವರ ಅನುಮತಿ ಬೇಕು. ಆತ್ಮರಕ್ಷಣೆ ಬಿಟ್ಟರೆ ಹಿಂಸೆಯಲ್ಲಿ ಪಾಲ್ಗೊಳ್ಳುವಂತಿಲ್ಲ. ವಾರಂಟಿಲ್ಲದೆ ಫೋನ್ ಕದ್ದಾಲಿಸುವುದು, ಮನೆ ಒಡೆದು ನುಗ್ಗುವುದು ಕೂಡದು. ವಕೀಲ, ವೈದ್ಯ, ಪಾದ್ರಿ ಅಥವಾ ಪತ್ರಕರ್ತನ ವೇಷ ಹಾಕಿ, ಜನ ಆ ನಂಬಿಕೆಯಲ್ಲಿ ಗುಟ್ಟು ಹೇಳಿಕೊಳ್ಳುವ ಸಂಭವವಿದ್ದರೆ ವಿಷಯ ಕೇಂದ್ರ ಕಚೇರಿಯ ಪರಿಶೀಲನೆಗೆ ಹೋಗಬೇಕು. ಅನುಮತಿಗೂ ಅವಧಿ ಇರುತ್ತದೆ, ಸಾಮಾನ್ಯವಾಗಿ ಆರು ತಿಂಗಳು; ಮುಂದುವರಿಸಲು ಮತ್ತೆ ಅರ್ಜಿ. ಈ ಅರ್ಜಿಗಳನ್ನು ಧಾರಾವಾಹಿ ನಿಮಗೆ ತೋರಿಸುವುದೇ ಇಲ್ಲ.

ಈ ಗೆರೆ ಎಲ್ಲಿ ಬಿಗಿಯಾಗುತ್ತದೆ ಎಂಬುದಕ್ಕೆ ಜೋಸೆಫ್ ಪಿಸ್ಟೋನ್ ಸಾಕ್ಷಿ. 1976ರಿಂದ ‘ಡಾನಿ ಬ್ರಾಸ್ಕೋ’ ಹೆಸರಿನಲ್ಲಿ ನ್ಯೂಯಾರ್ಕಿನ ಬೊನಾನ್ನೋ ಮಾಫಿಯಾ ಕುಟುಂಬದೊಳಗೆ ಬೆಳೆದ ಎಫ್‌ಬಿಐ ಅಧಿಕಾರಿ ಅವರು. ಕೊನೆಗೆ ಎದುರಾಳಿ ಬಣದ ಒಬ್ಬನನ್ನು ಕೊಲ್ಲುವ ಕೆಲಸವೇ ಅವರ ತಲೆಗೆ ಬಂತು. 1981ರ ಜುಲೈಯಲ್ಲಿ ಎಫ್‌ಬಿಐ ಅವರನ್ನು ಹೊರಗೆ ಕರೆಸಿಕೊಂಡಿತು. ಅವರನ್ನು ನಂಬಿ ಒಳಗೆ ಬಿಟ್ಟುಕೊಂಡ ಸನ್ನಿ ಬ್ಲ್ಯಾಕ್ ಎಂಬ ನಾಯಕನನ್ನು ಅವನ ಕಡೆಯವರೇ ಕೊಂದರು.

ಪ್ರಶ್ನೆ: ಮಾದಕ ವಸ್ತುವಿಗೆ ಡಿಇಎ ಇರುವಾಗ ಎಫ್‌ಬಿಐಗೆ ಅಲ್ಲೇನು ಕೆಲಸ? — ಓದುಗರು, ಮೈಸೂರು

ಉತ್ತರ: ಡಿಇಎ ಹುಟ್ಟಿದ್ದು 1973ರಲ್ಲಿ. 1982ರಿಂದ ಎಫ್‌ಬಿಐಗೂ ಆ ಅಪರಾಧಗಳ ತನಿಖೆಯ ಅಧಿಕಾರ ಸಿಕ್ಕಿತು. ಗಡಿ ದಾಟುವ ಮಾಲಿನ ತನಿಖೆ ಕಸ್ಟಮ್ಸ್‌ನದು, 2003ರ ನಂತರ ಐಸಿಇ (ವಲಸೆ ಮತ್ತು ಕಸ್ಟಮ್ಸ್ ಜಾರಿ) ಎಂಬ ಹೊಸ ಸಂಸ್ಥೆಯದು.

ಪ್ರಶ್ನೆ: ಕಾನೂನು ವಿದ್ಯಾರ್ಥಿ. ಇಂಥ ಕಾರ್ಯಾಚರಣೆ ನಮ್ಮಲ್ಲಿ ಸಾಧ್ಯವೇ? — ಓದುಗರು, ಧಾರವಾಡ

ಉತ್ತರ: ಒಂದಷ್ಟು ಮಟ್ಟಿಗೆ. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 50ಎ ಕಲಂ ಪ್ರಕಾರ, ಅಧಿಕಾರ ಪಡೆದ ಅಧಿಕಾರಿ ಮಾದಕ ವಸ್ತುವಿನ ಪಾರ್ಸೆಲನ್ನು ತಡೆಯದೆ ಕಣ್ಗಾವಲಿನಲ್ಲಿ ಮುಂದೆ ಹೋಗಲು ಬಿಟ್ಟು, ತರಿಸಿಕೊಳ್ಳುವವನನ್ನು ಹಿಡಿಯಬಹುದು. ಆದರೆ ಕುಟುಕು ಕಾರ್ಯಾಚರಣೆಯನ್ನು ಅಮೆರಿಕದಷ್ಟು ಸಲೀಸಾಗಿ ನಮ್ಮ ನ್ಯಾಯಾಲಯಗಳು ಒಪ್ಪಿಲ್ಲ. ಸುಪ್ರೀಂ ಕೋರ್ಟಿನ 2014ರ ರಜತ್ ಪ್ರಸಾದ್ ತೀರ್ಪನ್ನು ಓದಿ.

ನಮ್ಮ ನೆಲದಲ್ಲಿ ಬೇರೂರಿರುವುದು ಲಂಚದ ಟ್ರ್ಯಾಪ್. ಲೋಕಾಯುಕ್ತ ಪೊಲೀಸರು ಪಂಚರ (ಸಾಕ್ಷಿಗಳ) ಎದುರು ನೋಟಿನ ಸಂಖ್ಯೆ ಬರೆದು, ಫಿನಾಫ್ಥಲೀನ್ ಪುಡಿ ಸವರಿ ದೂರುದಾರನ ಜೇಬಿಗಿಡುತ್ತಾರೆ. ಮಾತು ಕೇಳಿಸಿಕೊಳ್ಳಲು ಒಬ್ಬ ಪಂಚ ನೆರಳಿನಂತೆ ಜೊತೆಗೆ ಹೋಗುತ್ತಾನೆ. ಹಣ ಮುಟ್ಟಿದವನ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ; ಅದನ್ನು ಸೀಸೆಗೆ ತುಂಬಿ ಸೀಲು ಮಾಡುತ್ತಾರೆ. ಬಹಳಷ್ಟು ಕೇಸು ಸೋಲುವುದು ಬಣ್ಣದಲ್ಲಲ್ಲ. ಲಂಚ ಕೇಳಿದ್ದನ್ನು ಸಾಬೀತು ಮಾಡದೆ, ಬರೀ ಹಣ ಸಿಕ್ಕಿತೆಂದು ತೋರಿಸಿದರೆ ಸಾಲದು. ಪೂರ್ವ ಪಂಚನಾಮೆಗೂ (ಟ್ರ್ಯಾಪ್‌ಗೆ ಮುಂಚಿನ ಸಿದ್ಧತೆಯ ದಾಖಲೆ) ಟ್ರ್ಯಾಪ್ ಪಂಚನಾಮೆಗೂ ಹೊಂದಿಕೆ ಇದೆಯೇ ಎಂಬುದನ್ನೇ ಪ್ರತಿವಾದಿ ವಕೀಲರು ಮೊದಲು ನೋಡುತ್ತಾರೆ. ನೀವೂ ಕಡತ ಓದುವಾಗ ಅಲ್ಲಿಂದಲೇ ಶುರು ಮಾಡಿ.