ಇದು ತುಂಬೆ ಅಲ್ಲ, ಗರುಗ

ಬಚ್ಚಲು ನೀರು ಹರಿಯುವ ಕಡೆ ತಾನಾಗಿ ಹುಟ್ಟಿದೆ, ಎಲೆ ಒರಟು, ಬಟನ್ನಿನಂಥ ಬಿಳಿ ಹೂ, ಇದು ತುಂಬೆಯಾ ಎಂದು ಕೇಳಿದ್ದೀರಿ. ನೀವು ಹೇಳಿದ ಗುರುತು ನೋಡಿದರೆ ಗರುಗ, ಅಂದರೆ ಭೃಂಗರಾಜ. ತುಂಬೆಯ ಕಾಂಡ ಚೌಕಾಕಾರ, ಹೂವಿಗೆ ತುಟಿಯಂಥ ಎಸಳು. ಗರುಗದ ಕಾಂಡ ದುಂಡಗೆ. ಹೂ ಸೇವಂತಿಗೆಯ ಜಾತಿಯದ್ದು, ಅಗಲ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ.

ಖಚಿತ ಮಾಡಿಕೊಳ್ಳಲು ಒಂದೆರಡು ಎಲೆ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಸ್ವಲ್ಪ ಹೊತ್ತು ಬಿಡಿ. ರಸ ಕಪ್ಪಾದರೆ ಬಹುಪಾಲು ಗರುಗವೇ. ಕೈಯ ಬಣ್ಣ ಬೇಗ ಹೋಗಲ್ಲ, ಬೈಕೋಬೇಡಿ! ಟ್ರೈಡ್ಯಾಕ್ಸ್ ಎಂಬ ಕಳೆಯೂ ಇದನ್ನೇ ಹೋಲುತ್ತದೆ. ಆದರೆ ಅದರ ಹೂ ಉದ್ದನೆಯ ತೊಟ್ಟಿನ ತುದಿಯಲ್ಲಿರುತ್ತದೆ, ನಡುವೆ ಹಳದಿ, ಬೀಜಕ್ಕೆ ಗಾಳಿಯಲ್ಲಿ ಹಾರುವ ಕುಚ್ಚು. ಗರುಗದ ಬೀಜಕ್ಕೆ ಕುಚ್ಚಿಲ್ಲ. ಹಳದಿ ಹೂ ಬಿಡುವ ಇನ್ನೊಂದು ಗಿಡವನ್ನೂ ಭೃಂಗರಾಜ ಎಂದೇ ಕರೆಯುತ್ತಾರೆ, ಅದು ಬೇರೆ.

ಕುಂಡದಲ್ಲಿ ಬೆಳೆಸುವುದು ಸುಲಭ. ನೆಲಕ್ಕೆ ತಾಗಿದ ಗೆಣ್ಣಿನಲ್ಲಿ ಬೇರು ಬಂದಿರುತ್ತದೆ, ಆ ತುಂಡನ್ನೇ ಕತ್ತರಿಸಿ ನೆಡಿ. ಬೀಜ ಹಾಕುವುದಾದರೆ ಮಣ್ಣು ಮುಚ್ಚಬೇಡಿ, ಮೊಳಕೆಗೆ ಬೆಳಕು ಬೇಕು. ಸುಮ್ನೆ ಮೇಲೆ ಉದುರಿಸಿ ಒತ್ತಿದರೆ ಸಾಕು. ಬಿಸಿಲು ಇರಲಿ, ಮಣ್ಣು ಮಾತ್ರ ಒಣಗಬಾರದು. ಗೊಬ್ಬರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಎಲೆ ಬಳಸುವ ಯೋಚನೆ ಇದ್ದರೆ ಬಚ್ಚಲ ಪಕ್ಕದ ಗಿಡದಿಂದ ಕೀಳಬೇಡಿ. ಅದರ ತುಂಡು ನೆಟ್ಟು, ಒಳ್ಳೆ ಮಣ್ಣಲ್ಲಿ ಹೊಸದಾಗಿ ಚಿಗುರಿದ್ದನ್ನು ಮಾತ್ರ ತಗೊಳ್ಳಿ.